ಬಸ್ಸಿನಲ್ಲಿ ಎರಡು ಸೀಟು ಹಿರಿಯರಿಗಿರಲಿ

ಹಿಂಗಾರಿ ಜೋಳ ಮೊಣಕಾಲೆತ್ತರಕ್ಕೆ ಬರುವ ಹೊತ್ತಿಗೆ ನಮ್ಮ ಕಡೆಯ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ನೋಟಿಸು ಬರುತ್ತದೆ. ಮಕ್ಕಳು ಮನೆಯಲ್ಲಿ ರೊಕ್ಕ ಕೇಳುತ್ತಾರೆ. ಗುರುಗಳು ಬಸ್ಸು ಗೊತ್ತು ಮಾಡಲು ಡಿಪೋಕ್ಕೆ ಓಡಾಡುತ್ತಾರೆ. ಮಹಿಳಾ ಸಂಘಗಳು, ಯುವಕ ಮಂಡಳಗಳು, ನಿವೃತ್ತ ನೌಕರರ ಬಳಗಗಳು ಕ್ರೂಸರ್ ಬಾಡಿಗೆ ವಿಚಾರಿಸುವುದೂ ಇದೇ ದಿನಗಳಲ್ಲಿ. ದೂರ ಹೋಗುವವರ ಪಟ್ಟಿಯಲ್ಲಿ ಹಂಪಿ, ಜೋಗ, ಗೋಕರ್ಣ, ಮುರುಡೇಶ್ವರ ಇರುತ್ತವೆ. ಬೆಳಗ್ಗೆ ಹೊರಟು ರಾತ್ರಿಯೊಳಗೆ ಮರಳುವವರ ಪಟ್ಟಿಯಲ್ಲಿ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಇರುತ್ತದೆ. ಈ ಮನವಿ ಆ ಒಂದು ದಿನದ ಬಗ್ಗೆ.

ಗೊಟಗೋಡಿ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಊರು. ಪುಣೆ-ಬೆಂಗಳೂರು ಹೆದ್ದಾರಿಯ ಬದಿಗೆ ಇದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಅಲ್ಲಿ ಉತ್ತರ ಕರ್ನಾಟಕದ ಒಂದು ಹಳ್ಳಿಯನ್ನೇ ಸಿಮೆಂಟಿನಲ್ಲಿ ಎಬ್ಬಿಸಿ ನಿಲ್ಲಿಸಿದರು. ಬೇಸಾಯ, ದನಕರು, ಕುರಿ ಸಾಕಣೆ, ಮನೆಗೆಲಸ, ಕುಲಕಸಬು, ಎಲ್ಲವೂ ಆಳೆತ್ತರದ ಶಿಲ್ಪಗಳಾಗಿ ಅಲ್ಲಿವೆ. ಚಿಕ್ಕವು ದೊಡ್ಡವು ಸೇರಿ 1,000ಕ್ಕೂ ಹೆಚ್ಚು. ಸೊಲಬಕ್ಕನವರ ಅವರು ಬಣ್ಣ ಮತ್ತು ಉಳಿಯ ಜೊತೆಗೆ ದೊಡ್ಡಾಟದ ನಂಟನ್ನೂ ಇಟ್ಟುಕೊಂಡಿದ್ದವರು. ಕರ್ನಾಟಕ ಬಯಲಾಟ ಅಕಾಡೆಮಿಯ ಅಧ್ಯಕ್ಷರಾಗಿಯೂ ಕೆಲಸ ಮಾಡಿದರು. 2020ರಲ್ಲಿ ತೀರಿಕೊಂಡರು. ಅದೇ ಗೊಟಗೋಡಿಯಲ್ಲಿ 2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಆರಂಭವಾಯಿತು. ಒಂದು ಸಣ್ಣ ಊರಿನಲ್ಲಿ ಜನಪದರ ಬದುಕನ್ನು ತೋರಿಸುವ ಜಾಗವೂ ಇದೆ, ಓದುವ ಜಾಗವೂ ಇದೆ.

ಇಂಥ ಹಳ್ಳಿಗಳನ್ನು ಕಟ್ಟುವ ಯೋಚನೆ ಜಗತ್ತಿಗೆ ಹೊಸದಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಆರ್ಟರ್ ಹಜೇಲಿಯಸ್ ಎಂಬವರು 1891ರಲ್ಲೇ ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯ ತೆರೆದರು. ಕಾರ್ಖಾನೆಗಳು ಬಂದು ಹಳ್ಳಿಯ ಬದುಕು ಕರಗುತ್ತಿದ್ದ ಕಾಲ ಅದು. ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಜೋಡಿಸಿದರು. ದಕ್ಷಿಣ ಕೊರಿಯಾದಲ್ಲಿ ರಾಜಧಾನಿ ಸೋಲ್‌ನ ದಕ್ಷಿಣಕ್ಕಿರುವ ಯೊಂಗಿನ್ ನಗರದಲ್ಲಿ 1974ರಲ್ಲಿ ಒಂದು ಜಾನಪದ ಹಳ್ಳಿ ತೆರೆಯಿತು. ನಾಡಿನ ಬೇರೆ ಬೇರೆ ಭಾಗಗಳ ಮನೆಗಳು ಅಲ್ಲಿವೆ. ರೈತನ ಹುಲ್ಲಿನ ಮನೆ, ಸಿರಿವಂತನ ಹೆಂಚಿನ ಮನೆ, ಹಿತ್ತಿಲಲ್ಲಿ ಸಾಲಾಗಿ ಇಟ್ಟ ಉಪ್ಪಿನಕಾಯಿಯ ಮಣ್ಣಿನ ಗಡಿಗೆಗಳು, ಚಳಿಗಾಲದಲ್ಲಿ ನೆಲವನ್ನೇ ಬೆಚ್ಚಗಿಡುವ ಒಲೆಯ ವ್ಯವಸ್ಥೆ. ಪ್ರವಾಸಿಗರ ತಂಡಗಳು ಬಸ್ಸಿನಲ್ಲಿ ಬಂದಿಳಿಯುತ್ತವೆ. ರೈತರ ವಾದ್ಯಮೇಳ ನೋಡುತ್ತವೆ, ಹಗ್ಗದ ಮೇಲಿನ ನಡಿಗೆ ನೋಡುತ್ತವೆ. ನಮ್ಮ ನಾಡಿನಲ್ಲೇ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ 1994ರಿಂದ ಜನರಿಗೆ ತೆರೆದಿದೆ. ಅದಕ್ಕೂ ಮೊದಲು, 1979ರಲ್ಲಿ, ಅವರು ಕರ್ನಾಟಕ ಜಾನಪದ ಪರಿಷತ್ತನ್ನು ಹುಟ್ಟುಹಾಕಿದ್ದರು.

ಯೊಂಗಿನ್‌ಗೂ ಗೊಟಗೋಡಿಗೂ ಒಂದು ವ್ಯತ್ಯಾಸವಿದೆ. ಯೊಂಗಿನ್‌ನಲ್ಲಿ ಕುಂಬಾರ ಕೂತು ಗಡಿಗೆ ಮಾಡುತ್ತಾನೆ, ಕಮ್ಮಾರ ಕಬ್ಬಿಣ ಬಡಿಯುತ್ತಾನೆ. ನೋಡುವವರು ಕೇಳಿದರೆ ಹೇಳುತ್ತಾರೆ. ಗೊಟಗೋಡಿಯಲ್ಲಿ ಕೆಲಸ ಮಾಡುತ್ತಿರುವವರು ಶಿಲ್ಪಗಳು. ಅವು ಎಷ್ಟು ಸಹಜವಾಗಿವೆಯೆಂದರೆ ದೂರದಿಂದ ನೋಡಿದವರು ಒಂದು ಕ್ಷಣ ಮೋಸಹೋಗುತ್ತಾರೆ. ಆದರೆ ಮಗು ಪ್ರಶ್ನೆ ಕೇಳಿದರೆ ಉತ್ತರ ಹೇಳುವ ಬಾಯಿ ಅವುಗಳಿಗಿಲ್ಲ. ಆ ಉತ್ತರ ಹೇಳಬಲ್ಲವರು ನಮ್ಮ ಊರುಗಳಲ್ಲಿದ್ದಾರೆ. ಅವರನ್ನು ನಾವು ಮನೆಯಲ್ಲಿ ಬಿಟ್ಟು ಪ್ರವಾಸಕ್ಕೆ ಹೋಗುತ್ತಿದ್ದೇವೆ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಬಂಧುಗಳೇ, ತಮ್ಮಲ್ಲಿ ನಮ್ಮ ಕೋರಿಕೆ ಒಂದೇ. ಮುಂದಿನ ಸಲ ನಿಮ್ಮ ಶಾಲೆ, ಸಂಘ ಅಥವಾ ಓಣಿಯಿಂದ ಗೊಟಗೋಡಿಗೆ ಬಸ್ಸು ಹೊರಟಾಗ ಅದರಲ್ಲಿ ಎರಡು ಸೀಟನ್ನು ಹಿರಿಯರಿಗೆ ತೆಗೆದಿಡಿ. ಒಂದು ಸೀಟು ಹೊಲದ ಕೆಲಸ ಬಲ್ಲ ಅಜ್ಜನಿಗೆ ಇರಲಿ. ಇನ್ನೊಂದು ಮನೆಯ ಕೆಲಸ ಬಲ್ಲ ಅಜ್ಜಿಗೆ ಇರಲಿ. ಅವರನ್ನು ಅತಿಥಿಗಳಾಗಿ ಕರೆಯಿರಿ. ಅಂದು ಅವರೇ ನಿಮ್ಮ ಮಕ್ಕಳಿಗೆ ಗುರುಗಳಾಗಲಿ.

ಯಾಕೆ ಹೀಗೆ ಕೇಳುತ್ತಿದ್ದೇವೆ ಎಂಬುದನ್ನು ಸ್ವಲ್ಪ ವಿವರಿಸಲು ಅವಕಾಶ ಕೊಡಿ.

ಬಿತ್ತನೆಯನ್ನೇ ತೆಗೆದುಕೊಳ್ಳಿ. ಕೂರಿಗೆ ಮರದ ಸಾಧನ. ಎತ್ತುಗಳು ಎಳೆಯುತ್ತವೆ. ಹಿಂದೆ ನಡೆಯುವವರು ಬಟ್ಟಲಿಗೆ ಬೀಜ ಬಿಡುತ್ತ ಹೋಗುತ್ತಾರೆ. ಬೀಜ ಕೊಳವೆಗಳಲ್ಲಿ ಇಳಿದು ಸಾಲಿಗೆ ಬೀಳುತ್ತದೆ. ಇಷ್ಟನ್ನು ಒಂದು ಫಲಕದಲ್ಲಿ ಬರೆದು ಹಾಕಬಹುದು. ಆದರೆ ಮುಷ್ಟಿಯಿಂದ ಬೀಜ ಎಷ್ಟು ಸಡಿಲವಾಗಿ ಜಾರಬೇಕು, ಎತ್ತಿನ ನಡಿಗೆ ಹೆಚ್ಚಾದರೆ ಕೈ ಹೇಗೆ ಚುರುಕಾಗಬೇಕು, ಒಂದು ಕೊಳವೆ ಕಟ್ಟಿಕೊಂಡರೆ ಹೇಗೆ ಗೊತ್ತಾಗುತ್ತದೆ, ಇವನ್ನು ಬಿತ್ತಿದವರೇ ಹೇಳಬೇಕು. ಇಡೀ ವರ್ಷದ ಬೆಳೆ ಆ ಮುಷ್ಟಿಯ ಮೇಲೆ ನಿಂತಿರುತ್ತಿತ್ತು. ಒಂದು ಮಗು "ಯಜ್ಜಾ, ಇದನ್ನ ಹ್ಯಾಂಗ ಹಿಡೀತಿದ್ರಿ?" ಎಂದು ಕೇಳಿದರೆ ಸಾಕು. ಅಜ್ಜ ಕೈಚೀಲ ಕೆಳಗಿಟ್ಟು ಮುಷ್ಟಿ ಹಿಡಿದು ತೋರಿಸುತ್ತಾರೆ. ಸುತ್ತ ಹತ್ತು ಮಕ್ಕಳು ತಾವೂ ಮುಷ್ಟಿ ಹಿಡಿಯುತ್ತಾರೆ.

ಕಣದ ಮುಂದೆ ನಿಂತಾಗಲೂ ಹೀಗೆಯೇ. ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ತೆನೆಗಳ ಮೇಲೆ ಸುತ್ತು ಹೊಡೆಸುತ್ತಿದ್ದುದು ಹಂತಿ. ಈ ಕೆಲಸ ರಾತ್ರಿಯಿಡೀ ನಡೆಯುತ್ತಿತ್ತು. ನಿದ್ದೆ ಬರಬಾರದು, ಎತ್ತು ನಿಲ್ಲಬಾರದು. ಅದಕ್ಕೇ ಹಂತಿಯ ಹಾಡು ಹುಟ್ಟಿತು. ಒಬ್ಬರು ಎತ್ತಿಕೊಂಡರೆ ಉಳಿದವರು ಸೊಲ್ಲು ಹಿಡಿಯುತ್ತಿದ್ದರು. ಈಗ ರಾಶಿ ಮಾಡುವ ಯಂತ್ರ ಹೊಲಕ್ಕೇ ಬರುತ್ತದೆ, ಒಂದೆರಡು ತಾಸಿನಲ್ಲಿ ಕೆಲಸ ಮುಗಿಸುತ್ತದೆ. ರೈತನಿಗೆ ಅದು ದೊಡ್ಡ ಅನುಕೂಲ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ಹಾಡು ಬಲ್ಲವರು ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಹಂತಿಯ ಶಿಲ್ಪದ ಮುಂದೆ ಅವರನ್ನು ನಿಲ್ಲಿಸಿ ಎರಡು ಸೊಲ್ಲು ಹಾಡಿಸಿ. ಮಕ್ಕಳು ಸೊಲ್ಲು ಹಿಡಿಯಲಿ.

ಹಗೇವಿನ ಕತೆ ಇನ್ನೂ ವಿಶೇಷ. ಜೋಳವನ್ನು ನೆಲದೊಳಗೆ ಆಳದ ಗುಂಡಿಯಲ್ಲಿ ತುಂಬಿ ಬಾಯಿ ಮುಚ್ಚಿಡುತ್ತಿದ್ದರು. ಬರಗಾಲಕ್ಕೆ ಅದೇ ಆಸರೆ. ಆದರೆ ಬಹುದಿನ ಮುಚ್ಚಿದ ಹಗೇವಿನೊಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಬಾಯಿ ತೆರೆದ ಕೂಡಲೇ ಇಳಿದು ಪ್ರಾಣ ಕಳೆದುಕೊಂಡವರಿದ್ದಾರೆ. ಅದಕ್ಕಾಗಿ ತೆರೆದು ಹೊತ್ತು ಬಿಟ್ಟು, ಒಳಗೆ ದೀಪ ಇಳಿಸಿ ನೋಡುತ್ತಿದ್ದರು. ದೀಪ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಎಂಟನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ದಹನಕ್ಕೆ ಆಮ್ಲಜನಕ ಬೇಕು ಎಂದು ಓದಿದ ಹುಡುಗಿಗೆ ತನ್ನ ಅಜ್ಜ ಶಾಲೆಗೆ ಹೋಗದೆಯೂ ಇದನ್ನು ಬಲ್ಲವರೆಂದು ಅಂದು ಗೊತ್ತಾಗುತ್ತದೆ. ಪಾಠವೂ ಗಟ್ಟಿಯಾಗುತ್ತದೆ, ಅಜ್ಜನ ಮೇಲಿನ ಗೌರವವೂ ಹೆಚ್ಚುತ್ತದೆ.

ಇಂಥ ಹಿರಿಯರು ನಮ್ಮ ನಾಲ್ಕೂ ಊರುಗಳ ಸುತ್ತ ಇದ್ದಾರೆ. ಬೆಟಗೇರಿಯವರು ದೂರ ಹುಡುಕಬೇಕಿಲ್ಲ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ಲಾಳಿ ಹೊಡೆದ ನೇಕಾರರು ನಿಮ್ಮ ಓಣಿಗಳಲ್ಲೇ ಇದ್ದಾರೆ. ವಿದ್ಯುತ್ ಮಗ್ಗ ಬರುವ ಮುಂಚಿನ ದಿನಗಳನ್ನು ಅವರು ಕಂಡಿದ್ದಾರೆ. ಹಾಸು ಹೂಡುವಾಗ ಮನೆಮಂದಿಯೆಲ್ಲ ಏನೇನು ಮಾಡುತ್ತಿದ್ದರು ಎಂಬುದು ಅವರಿಗೆ ಗೊತ್ತು. ಲಕ್ಷ್ಮೇಶ್ವರದ ಸುತ್ತ ಎತ್ತು, ಚಕ್ಕಡಿ, ಕೂರಿಗೆಯೊಂದಿಗೇ ಬಾಳಿದ ರೈತರಿದ್ದಾರೆ. ಶಿರಹಟ್ಟಿ ಭಾಗದ ತಾಂಡಾಗಳಲ್ಲಿ ಕನ್ನಡಿ ಕೂರಿಸಿ ಕಸೂತಿ ಹಾಕುವ ಲಂಬಾಣಿ ತಾಯಂದಿರಿದ್ದಾರೆ. ಮುಂಡರಗಿಯವರಿಗೆ ತುಂಗಭದ್ರೆ ಹತ್ತಿರ. ಹರಿಗೋಲು ನಡೆಸಿದವರು ನಿಮ್ಮಲ್ಲಿದ್ದಾರೆ. ಕಪ್ಪತಗುಡ್ಡದ ಗಿಡಮೂಲಿಕೆ ಬಲ್ಲ ನಾಟಿ ವೈದ್ಯರಿದ್ದಾರೆ. ಕುರಿ ಹಿಂಡಿನ ಜೊತೆ ಊರೂರು ಸುತ್ತಿ, ಉಣ್ಣೆ ಕತ್ತರಿಸಿ, ಕಂಬಳಿಗೆ ನೂಲು ತೆಗೆದವರು ನಾಲ್ಕೂ ಕಡೆ ಸಿಗುತ್ತಾರೆ. ಗೊಟಗೋಡಿಯಲ್ಲಿ ಶಿಲ್ಪವಾಗಿ ನಿಂತಿರುವ ಬದುಕನ್ನು ಇವರು ಸ್ವತಃ ಬದುಕಿದ್ದಾರೆ.

ಮುಖ್ಯ ಗುರುಗಳಲ್ಲಿ ಮೊದಲ ವಿನಂತಿ. ಶಾಲಾ ಪ್ರವಾಸಕ್ಕೆ ಇಲಾಖೆಯ ಅನುಮತಿ ಪಡೆಯುವುದು ತಮಗೆ ಗೊತ್ತೇ ಇದೆ. ಅನುಮತಿಗೆ ಬರೆಯುವಾಗಲೇ ಇಬ್ಬರು ಹಿರಿಯರ ಹೆಸರನ್ನೂ ಸೇರಿಸಿ, ಅವರು ಯಾಕೆ ಬರುತ್ತಿದ್ದಾರೆ ಎಂದು ಎರಡು ಸಾಲು ಬರೆಯಿರಿ. ಎಸ್‌ಡಿಎಂಸಿ ಸಭೆಯಲ್ಲಿ ಈ ವಿಷಯ ಇಡಿ. ಯಾರನ್ನು ಕರೆಯಬೇಕೆಂದು ಸದಸ್ಯರು ಅಲ್ಲೇ ಹೇಳುತ್ತಾರೆ. ಊರಿನ ಸಂಗತಿ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಖರ್ಚಿನ ಪ್ರಶ್ನೆ ಬಂದೇ ಬರುತ್ತದೆ. ಇಬ್ಬರ ಬಸ್ ಚಾರ್ಜು ಮತ್ತು ಪ್ರವೇಶದ ಹಣವನ್ನು ಬಸ್ಸಿನಲ್ಲಿರುವ ಎಲ್ಲರೂ ಹಂಚಿಕೊಂಡರೆ ಒಬ್ಬೊಬ್ಬರಿಗೆ ಬರುವ ಪಾಲು ಬಹಳ ಸಣ್ಣದು. ಒಬ್ಬರಿಗೆ ಭಾರವಾದದ್ದನ್ನು ಎಲ್ಲರೂ ಸೇರಿ ಹೊರುವ ಪಾಠ ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಸೇರಿಸಿ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಸಾಲದ ಭಾರವನ್ನೇ ಕೂಡಿ ಹೊತ್ತ ಜನ ನಾವು. ಇಬ್ಬರು ಹಿರಿಯರ ಒಂದು ದಿನದ ಖರ್ಚು ನಮಗೆ ದೊಡ್ಡದಾಗಲಾರದು. ಹಾಗೆಯೇ, ಯಾವ ಮಗುವೂ ರೊಕ್ಕದ ಕಾರಣಕ್ಕೆ ಪ್ರವಾಸ ತಪ್ಪಿಸಿಕೊಳ್ಳದಂತೆ ಅದೇ ಸಭೆಯಲ್ಲಿ ನೋಡಿಕೊಳ್ಳಿ.

ಹಿರಿಯರನ್ನು ಕರೆದೊಯ್ಯುವುದೆಂದರೆ ಜವಾಬ್ದಾರಿ. ಮುಂದಿನ ಸೀಟು ಅವರಿಗಿರಲಿ. ಅವರ ಗುಳಿಗೆ, ನೀರು, ಟೋಪಿ ಅಥವಾ ಕೊಡೆ ಜೊತೆಗಿವೆಯೇ ಎಂದು ಹೊರಡುವ ಮುಂಚೆ ನೋಡಿ. ಇಬ್ಬರು ದೊಡ್ಡ ಮಕ್ಕಳನ್ನು ಅವರ ಜೊತೆಗೇ ನಡೆಯಲು ಗೊತ್ತು ಮಾಡಿ. ನಡುನಡುವೆ ನೆರಳಲ್ಲಿ ಕೂರಿಸಿ. ದಾರಿಯಲ್ಲಿ ಬಸ್ಸು ಎಲ್ಲಿ ನಿಲ್ಲುತ್ತದೆ, ಶೌಚಾಲಯ ಎಲ್ಲಿದೆ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಹಿರಿಯರಿಗೆ ಅನುಕೂಲವಾದ ಪ್ರವಾಸ ಮಕ್ಕಳಿಗೂ ಅನುಕೂಲವೇ ಆಗುತ್ತದೆ.

ಎರಡನೆಯ ವಿನಂತಿ ಹೊತ್ತಿನದು. ಒಂದೇ ದಿನದಲ್ಲಿ ಐದು ಜಾಗ ತೋರಿಸಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ರೊಕ್ಕ ಕೊಟ್ಟ ಪಾಲಕರಿಗೆ ಪಟ್ಟಿ ಉದ್ದವಿದ್ದರೆ ಸಮಾಧಾನ. ಆದರೆ ಒಂದು ತಾಸಿನಲ್ಲಿ ಗೊಟಗೋಡಿ ಮುಗಿಸಿದರೆ ಮಕ್ಕಳಿಗೆ ಸಿಗುವುದು ಫೋಟೋ ಮತ್ತು ಓಟ. ದಯವಿಟ್ಟು ಅರ್ಧ ದಿನ ಅಲ್ಲಿಗೇ ಕೊಡಿ. ಉಳಿದ ಹೊತ್ತಿಗೆ ಅದೇ ತಾಲೂಕಿನ ಎರಡು ಊರುಗಳು ಸಾಕು. ಶಿಶುನಾಳದಲ್ಲಿ ಶರೀಫ ಸಾಹೇಬರ ಗದ್ದುಗೆ ಇದೆ. ಬಾಡ ಕನಕದಾಸರು ಹುಟ್ಟಿದ ಊರು. ಈ ಇಬ್ಬರ ಹಾಡುಗಳಲ್ಲೂ ಇದೇ ಹಳ್ಳಿಯ ಸಾಮಾನು ಸರಂಜಾಮು, ಇದೇ ಹೊಲ ಮನೆಯ ಮಾತು ತುಂಬಿದೆ. ಶಿಲ್ಪದಲ್ಲಿ ನೋಡಿದ್ದನ್ನು ಮಕ್ಕಳು ಅಲ್ಲಿ ಹಾಡಿನಲ್ಲಿ ಕೇಳಬಹುದು.

ಮಕ್ಕಳಿಗೊಂದು ಸಣ್ಣ ಕೆಲಸ ಕೊಡಿ. ಹೊರಡುವ ಹಿಂದಿನ ದಿನ ಪ್ರತಿಯೊಬ್ಬರೂ ಮನೆಯಲ್ಲಿ ಒಂದು ಹಳೆಯ ವಸ್ತುವಿನ ಹೆಸರು ಕೇಳಿಕೊಂಡು ಬರಲಿ. ಬೀಸುಕಲ್ಲು, ಒರಳು, ಮಿಣಿ, ಬಾರಕೋಲು, ಎಡೆಕುಂಟಿ, ಯಾವುದಾದರೂ ಆಗಬಹುದು. ಗೊಟಗೋಡಿಯಲ್ಲಿ ಆ ವಸ್ತುವನ್ನು ಹುಡುಕಲಿ. ಸಿಕ್ಕಾಗ ಅಜ್ಜನಿಗೋ ಅಜ್ಜಿಗೋ ಮೂರು ಪ್ರಶ್ನೆ ಕೇಳಲಿ. ಇದನ್ನು ಯಾರು ಮಾಡಿಕೊಡುತ್ತಿದ್ದರು? ಹೇಗೆ ಬಳಸುತ್ತಿದ್ದಿರಿ? ಈಗ ಇದರ ಜಾಗಕ್ಕೆ ಏನು ಬಂದಿದೆ? ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಹಿರಿಯರ ಒಪ್ಪಿಗೆ ಪಡೆದು ಗುರುಗಳ ಫೋನಿನಲ್ಲಿ ಅವರ ದನಿ ಮುದ್ರಿಸಿಕೊಳ್ಳಿ. ಬಸ್ಸು ಊರಿಗೆ ಮರಳುವ ಹೊತ್ತಿಗೆ ಒಂದು ಶಾಲೆಯ ಬಳಿ ಹತ್ತಾರು ವಸ್ತುಗಳ ಕತೆ ಕೂಡಿರುತ್ತದೆ.

ಒಂದು ಮಾತನ್ನು ತಮ್ಮ ಮುಂದೆ ಬಿಚ್ಚಿ ಇಡಬೇಕು. ಹಳೆಯ ಹಳ್ಳಿ ಶಿಲ್ಪದಲ್ಲಿ ಚೆಂದ ಕಾಣುತ್ತದೆ. ಬದುಕಿದವರಿಗೆ ಅದು ಯಾವಾಗಲೂ ಚೆಂದವಾಗಿರಲಿಲ್ಲ. ಬೀಸುಕಲ್ಲಿನ ಹಾಡು ಇಂಪಾಗಿದೆ, ಆದರೆ ಅದನ್ನು ಹಾಡಿದ ತಾಯಂದಿರು ಕೋಳಿ ಕೂಗುವ ಮುಂಚೆ ಎದ್ದು, ಅಂಗೈ ಬೊಬ್ಬೆ ಬರುವವರೆಗೆ ಬೀಸಿ, ಆಮೇಲೆ ನೀರು ಹೊತ್ತು, ರೊಟ್ಟಿ ಬಡಿದು, ಹೊಲಕ್ಕೂ ಹೋದವರು. ಬಡಿಗ, ಕಮ್ಮಾರ, ಕುಂಬಾರ, ಸಮಗಾರ ಎಲ್ಲರಿಗೂ ಆಯದ ಕಾಳು ರಾಶಿಯ ದಿನ ಸಿಗುತ್ತಿತ್ತು. ಮಳೆ ಕೈಕೊಟ್ಟ ವರ್ಷ ಆಯವೂ ಕೈಕೊಡುತ್ತಿತ್ತು. ಕಸಬು ಹುಟ್ಟಿನಿಂದ ಬರುತ್ತಿತ್ತು, ಬೇಡವೆನ್ನುವ ಅವಕಾಶ ಇರಲಿಲ್ಲ. ಊರ ಬಾವಿಗೆ ಬರಲಾಗದವರಿದ್ದರು. ಗುಡಿಯ ಹೊಸ್ತಿಲು ದಾಟಲಾಗದವರಿದ್ದರು. ಇದನ್ನೂ ಮಕ್ಕಳು ತಿಳಿಯಲಿ. ಶಿಲ್ಪಗಳು ಕೈಚಳಕವನ್ನು ತೋರಿಸುತ್ತವೆ, ನೋವನ್ನು ಹೇಳುವವರು ನಮ್ಮ ಹಿರಿಯರೇ ಆಗಬೇಕು. ಆದ್ದರಿಂದ ಕರೆಯುವಾಗ ಎಲ್ಲ ಓಣಿಗಳಿಂದಲೂ ಕರೆಯಿರಿ. ಒಂದು ವರ್ಷ ಗೌಡರ ಮನೆಯ ಹಿರಿಯರು ಬಂದರೆ ಮುಂದಿನ ವರ್ಷ ಅವರ ಹೊಲದಲ್ಲಿ ದುಡಿದವರು ಬರಲಿ. ಇಬ್ಬರೂ ಒಟ್ಟಿಗೆ ಬಂದರೆ ಇನ್ನೂ ಒಳ್ಳೆಯದು. ಮಕ್ಕಳ ಮುಂದೆ ಒಂದೇ ಊರಿನ ಎರಡು ಕತೆಗಳು ಬಿಚ್ಚಿಕೊಳ್ಳುತ್ತವೆ.

ತಾಯಂದಿರೇ, ಬುತ್ತಿಯ ಬಗ್ಗೆಯೂ ಒಂದು ಮಾತು. ಆ ದಿನ ಮನೆಯಿಂದಲೇ ಬುತ್ತಿ ಹೋಗಲಿ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಬದನೆಕಾಯಿ ಪಲ್ಲೆ, ಮೊಸರು. ಹೊಲಕ್ಕೆ ಬುತ್ತಿ ಹೊತ್ತ ಹೆಂಗಸಿನ ಶಿಲ್ಪ ನೋಡಿ ಬಂದ ಮಕ್ಕಳು ಅದೇ ಊಟವನ್ನು ಕೂಡಿ ಉಣ್ಣಲಿ. ಇದರಿಂದ ಖರ್ಚೂ ಉಳಿಯುತ್ತದೆ, ಪ್ಲಾಸ್ಟಿಕ್ ಪೊಟ್ಟಣಗಳೂ ಕಡಿಮೆಯಾಗುತ್ತವೆ. ಉಂಡ ಮೇಲೆ ಎಲೆ, ಕಾಗದ, ಬಾಟಲಿ ಏನಿದ್ದರೂ ಒಂದೇ ಚೀಲಕ್ಕೆ ತುಂಬಿ ಬಸ್ಸಿಗೆ ತನ್ನಿ.

ಶಿಲ್ಪಗಳನ್ನು ಕಾಯುವ ಕೆಲಸವೂ ನಮ್ಮ ಮೇಲಿದೆ. ಸಿಮೆಂಟಿನ ಬೆರಳು, ಎತ್ತಿನ ಕೋಡು, ಕೂರಿಗೆಯ ತುದಿ ಇವೆಲ್ಲ ನೋಡಲು ಗಟ್ಟಿ. ಆದರೆ ದಿನವೂ ನೂರಾರು ಕೈಗಳು ಹಿಡಿದು ಜಗ್ಗಿದರೆ ಬಿರುಕು ಬಿಡುತ್ತವೆ. ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುವ ಆಸೆ ಮಕ್ಕಳಿಗೆ ಸಹಜ. ಬಸ್ಸಿನಿಂದ ಇಳಿಯುವ ಮುಂಚೆ ಗುರುಗಳು ಪ್ರೀತಿಯಿಂದ ಒಂದು ಮಾತು ಹೇಳಿದರೆ ಅವರು ಕೇಳುತ್ತಾರೆ. ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲಿ. ಶಿಲ್ಪದ ಜೊತೆ ತಮ್ಮ ಅಜ್ಜಿಯನ್ನೂ ನಿಲ್ಲಿಸಿಕೊಂಡರೆ ಆ ಫೋಟೋದ ಬೆಲೆಯೇ ಬೇರೆ. ಅಲ್ಲಿ ಕಸ ಗುಡಿಸುವವರು, ಗೇಟಿನಲ್ಲಿ ನಿಲ್ಲುವವರು, ದಾರಿ ತೋರಿಸುವವರು ಸಿಕ್ಕಾಗ ಮಾತಾಡಿಸಿ, ಮರಳುವಾಗ ನಮಸ್ಕಾರ ಹೇಳಿ ಬನ್ನಿ.

ಜನರು ಇನ್ನೂ ಬಾಳುತ್ತಿರುವ ಜಾಗಕ್ಕೆ ಹೋದಾಗ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಕೊರಿಯಾದಲ್ಲಿ ಹಾಹೋಯೆ ಎಂಬ ಹಳ್ಳಿಯಿದೆ. 2010ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಜನ ಇಂದಿಗೂ ಸಂಸಾರ ಮಾಡುತ್ತಾರೆ. ಸೋಲ್ ನಗರದ ಬುಕ್ಚೋನ್ ಎಂಬ ಹಳೆಯ ಓಣಿಯಲ್ಲಿ ಪ್ರವಾಸಿಗರ ಗದ್ದಲದಿಂದ ನಿವಾಸಿಗಳಿಗೆ ಎಷ್ಟು ತೊಂದರೆಯಾಯಿತೆಂದರೆ, 2024ರಿಂದ ಅದರ ಒಂದು ಭಾಗಕ್ಕೆ ಸಂಜೆ 5ರ ನಂತರ ಪ್ರವಾಸಿಗರು ಬರಬಾರದೆಂಬ ನಿಯಮ ಬಂತು. ನಮ್ಮಲ್ಲಿ ಆ ಸ್ಥಿತಿ ಬಂದಿಲ್ಲ, ಬರುವುದೂ ಬೇಡ. ಗೊಟಗೋಡಿ ನೋಡಿದ ಮಕ್ಕಳಿಗೆ ಬೆಟಗೇರಿಯ ಮಗ್ಗ ನೋಡುವ ಆಸೆಯಾಗಬಹುದು, ಶಿರಹಟ್ಟಿ ಕಡೆಯ ತಾಂಡಾ ನೋಡುವ ಆಸೆಯಾಗಬಹುದು. ಖಂಡಿತ ಕರೆದೊಯ್ಯಿರಿ. ಆದರೆ ಮುಂಚಿತವಾಗಿ ಹೇಳಿ ಹೋಗಿ. ಸಣ್ಣ ಗುಂಪಾಗಿ ಹೋಗಿ. ಒಪ್ಪಿಗೆ ಕೇಳಿ ಫೋಟೋ ತೆಗೆಯಿರಿ. ಕೆಲಸ ನಿಲ್ಲಿಸಿ ನಮ್ಮೊಡನೆ ಮಾತಾಡುವ ನೇಕಾರರ ಆ ಹೊತ್ತಿನ ಕೂಲಿ ಕಡಿಮೆಯಾಗುತ್ತದೆ ಎಂಬುದು ನೆನಪಿರಲಿ. ಕೈಲಾದರೆ ಒಂದು ಸೀರೆಯನ್ನೋ, ತಾಂಡಾದಲ್ಲಿ ಒಂದು ಕಸೂತಿ ಚೀಲವನ್ನೋ ಕೊಂಡು ಬನ್ನಿ.

ಊರಿಗೆ ಮರಳಿದ ಮೇಲೆ ಒಂದು ಸಣ್ಣ ಕೆಲಸ ಉಳಿಯುತ್ತದೆ. ಮಕ್ಕಳು ಬರೆದುಕೊಂಡಿದ್ದನ್ನು ಒಂದು ಶನಿವಾರ ಶಾಲೆಯಲ್ಲಿ ಓದಿಸಿ. ಜೊತೆಗೆ ಬಂದ ಹಿರಿಯರನ್ನು ಅಂದೂ ಕರೆದು ಮುಂದೆ ಕೂರಿಸಿ. ತಪ್ಪು ಬರೆದಿದ್ದರೆ ಅವರೇ ತಿದ್ದಲಿ. ಅಟ್ಟದ ಮೇಲೆ ಅಥವಾ ದನದ ಕೊಟ್ಟಿಗೆಯಲ್ಲಿ ಬಿದ್ದಿರುವ ಹಳೆಯ ಕೂರಿಗೆ, ಲಾಳಿ, ಸೇರು, ಪಾವು ಇದ್ದರೆ ಮೋಡಕಾ ಅಂಗಡಿಗೆ ಕೊಡುವ ಮುಂಚೆ ಶಾಲೆಗೊಮ್ಮೆ ಕೇಳಿ. ಒಂದು ಗೋಡೆ, ಒಂದು ಕಪಾಟು ಇದ್ದರೆ ಸಾಕು. ವಸ್ತುವಿನ ಕೆಳಗೆ ಅದರ ಹೆಸರು, ಕೊಟ್ಟವರ ಹೆಸರು ಬರೆದು ಇಡಿ. ಬರೆದುಕೊಂಡದ್ದು ಹೆಚ್ಚಾದರೆ ಜಾನಪದ ವಿಶ್ವವಿದ್ಯಾಲಯಕ್ಕೆ ಒಂದು ಪತ್ರ ಬರೆಯಿರಿ. ಆ ವಿದ್ಯೆಗೆಂದೇ ಕಟ್ಟಿದ ಸಂಸ್ಥೆ ಅದು.

ನೌಕರಿಗಾಗಿ ಹುಬ್ಬಳ್ಳಿ, ಬೆಂಗಳೂರು, ಪುಣೆ ಸೇರಿದ ನಮ್ಮ ಊರಿನ ಮಕ್ಕಳೇ, ತಮಗೂ ಇದರಲ್ಲಿ ಪಾಲಿದೆ. ರಜೆಗೆ ಬಂದಾಗ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಗೊಟಗೋಡಿಗೆ ಹೋಗುತ್ತೀರಿ. ಹಿಂದಿನ ಸೀಟಿನಲ್ಲಿ ಅಪ್ಪನಿಗೆ, ಅವ್ವನಿಗೆ ಜಾಗ ಮಾಡಿ. "ನಾವು ನೋಡಿದ್ದೇ ಅದ, ನೀವು ಹೋಗಿ ಬರ್ರಿ" ಎಂದು ಅವರು ಅನ್ನಬಹುದು. "ನೋಡಿದ್ದಕ್ಕ ಕರಿಯಾಕತ್ತೀವಿ, ನೀವ ತೋರಿಸಬೇಕು" ಎಂದು ಹೇಳಿ. ಬಂದೇ ಬರುತ್ತಾರೆ.

ಹಿರಿಯರೇ, ತಮ್ಮಲ್ಲಿಯೂ ಕೈಮುಗಿದು ಕೇಳುತ್ತೇವೆ. ಶಾಲೆಯಿಂದ ಕರೆ ಬಂದರೆ ಇಲ್ಲವೆನ್ನಬೇಡಿ. ನನಗೆ ಓದು ಬರಹ ಬರುವುದಿಲ್ಲ, ಮಕ್ಕಳ ಮುಂದೆ ಏನು ಮಾತಾಡಲಿ ಎಂಬ ಸಂಕೋಚ ಬೇಡ. ಭಾಷಣ ಯಾರೂ ಕೇಳುವುದಿಲ್ಲ. ತಮ್ಮ ಕೈ ಮಾಡಿದ ಕೆಲಸವನ್ನು ತಮ್ಮ ಮಾತಿನಲ್ಲೇ ಹೇಳಿದರೆ ಸಾಕು. ಮಕ್ಕಳು ಮೊಬೈಲಿನಲ್ಲೇ ಮುಳುಗಿದ್ದಾರೆ ಎಂಬ ಬೇಸರ ತಮಗಿರಬಹುದು. ಕೇಳಲು ಯಾರಾದರೂ ಸಿಕ್ಕರೆ ಅವರು ಮೊಬೈಲು ಕೆಳಗಿಡುತ್ತಾರೆ. ಒಂದು ದಿನ ಅವಕಾಶ ಕೊಟ್ಟು ನೋಡಿ.

ಕಲಾವಿದರು ಶಿಲ್ಪಗಳನ್ನು ನಿಲ್ಲಿಸಿ ತಮ್ಮ ಕೆಲಸ ಮಾಡಿದ್ದಾರೆ. ಆ ಶಿಲ್ಪಗಳಿಗೆ ಮಾತು ಕೊಡಬಲ್ಲ ತಲೆಮಾರು ಇನ್ನೂ ನಮ್ಮೊಡನಿದೆ. ಬರುವ ವರ್ಷಗಳಲ್ಲಿ ಇವರ ಸಂಖ್ಯೆ ಕಡಿಮೆಯಾಗುತ್ತ ಹೋಗುತ್ತದೆ. ಆದ್ದರಿಂದ ಈ ಕೆಲಸವನ್ನು ಮುಂದಿನ ವರ್ಷಕ್ಕೆ ದೂಡಬೇಡಿ. ಈ ಸಲದ ಪ್ರವಾಸದ ಪಟ್ಟಿ ಬರೆಯಲು ಕೂತಾಗ ಮೊದಲ ಎರಡು ಸಾಲು ಖಾಲಿ ಬಿಡಿ. ಅಲ್ಲಿ ಬರೆಯಬೇಕಾದ ಹೆಸರು ನಿಮ್ಮ ಓಣಿಯಲ್ಲೇ ಇದೆ. ಇವತ್ತು ಸಂಜೆ ಅವರ ಮನೆಯ ಕಟ್ಟೆಗೆ ಹೋಗಿ, ಬರುತ್ತೀರಾ ಎಂದು ಕೇಳಿ.